ಶಿಲುಬೆಯ ಹಿಂದಿನ ತುದಿ

ಬೂದಿ ಬುಧವಾರದ ಪೂಜೆ ಮುಗಿಸಿ ಜಸಿಂತ ಚರ್ಚಿನ ಮೆಟ್ಟಿಲಿಳಿಯುವುದನ್ನೇ ಇನ್ನಾಸಿ ಕಾಯುತ್ತಿದ್ದ. ಅವಳ ಹಣೆಗೆ ಫಾದರ್ ಇಟ್ಟ ಬೂದಿಯ ಶಿಲುಬೆ ಒಂದು ಕಡೆಗೆ ಸೊಟ್ಟಗಿತ್ತು. ಸೊಟ್ಟಗಿದ್ದರೂ ಚೆಂದವಿತ್ತು.

“ನಾನು ಬೀಡಿ ಬುಟ್ಟೆ, ಬಾಡೂ ಬುಟ್ಟೆ. ಈ ತಪಸ್ಸು ಕಾಲಕ್ಕೆ ನೀನೇನು ಬುಟ್ಟೆ?”

ಈಸ್ಟರ್‌ಗೆ ಮುಂಚಿನ ನಲವತ್ತು ದಿನ ಕನಕಪುರದ ಆಚೆಗಿನ ಆ ಊರಲ್ಲಿ ಎಲ್ಲರೂ ಏನಾದರೊಂದನ್ನು ಬಿಡುತ್ತಾರೆ.

ಜಸಿಂತ ಒಮ್ಮೆ ಅವನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು.

“ನಿನ್ನ,” ಅಂದಳು. “ಈಸ್ಟರ್ ಗಂಟ ಮಾತಾಡಕಿಲ್ಲ. ನೀನೂ ಮಾತಾಡಿಸ್ಬೇಡ.”

ವೇಲನ್ನು ತಲೆ ಮೇಲೆಳೆದುಕೊಂಡು ಹೊರಟೇಬಿಟ್ಟಳು.

ಇದೆಲ್ಲ ಅವಳಪ್ಪ ರಾಯಪ್ಪನ ಕಿತಾಪತಿ ಎಂದುಕೊಂಡ ಇನ್ನಾಸಿ. ಹೋದ ವರ್ಷ ಹಬ್ಬಕ್ಕೆ ಚಪ್ಪರ ಹಾಕುವಾಗ ರಾಯಪ್ಪ ಏನೋ ಅಂದರೆಂದು, ನೆಟ್ಟ ಕಂಬವನ್ನೇ ಕಿತ್ತೆಸೆದು ಹೋಗಿದ್ದ ಇವನು. “ಆ ಬೆಂಕಿಪಟ್ಣಕ್ಕೆ ಮಗಳನ್ನ ಕೊಡಲ್ಲ” ಎಂದು ಅವರು ಅವತ್ತೇ ಊರ ಮುಂದೆ ಹೇಳಿದ್ದರು. ಇಷ್ಟು ದಿನ ಅಪ್ಪನ ಮಾತು ಕಿವಿಗೆ ಹಾಕಿಕೊಳ್ಳದವಳು ಈಗ ಹಾಕಿಕೊಂಡಳಲ್ಲ.

ಬೆಳಗಿನ ಏಳು ಗಂಟೆಯ ಬಸ್ಸು ಮಾತ್ರ ಇಬ್ಬರಿಗೂ ಒಂದೇ. ಅವಳು ರಾಮನಗರದಲ್ಲಿ ಇಳಿದು ರೇಷ್ಮೆ ನೂಲು ತೆಗೆಯಲು ಹೋಗುವಳು. ಇವನು ಅಲ್ಲಿಂದ ಮುಂದೆ ಚನ್ನಪಟ್ಟಣಕ್ಕೆ, ಗೊಂಬೆ ಕಡೆಯುವ ಕೆಲಸಕ್ಕೆ. ಕಿಟಕಿ ಪಕ್ಕ ಕೂತ ಅವಳ ಬೆರಳುಗಳು ಬಿಸಿನೀರಲ್ಲಿ ಗೂಡು ಬೇಯಿಸಿ ಬೇಯಿಸಿ ಬೆಳ್ಳಗೆ ನೆರಿಗೆ ಬಿದ್ದಿರುತ್ತಿದ್ದವು. ಹಿಂದೆ ನಿಂತ ಇನ್ನಾಸಿ ಆ ಬೆರಳುಗಳನ್ನೇ ನೋಡುವನು. ಊದಿ ತಣ್ಣಗೆ ಮಾಡಬೇಕೆನಿಸುವುದು. ಮರುಕ್ಷಣವೇ ಸಿಟ್ಟು ಬರುವುದು. ಮೂರನೇ ವಾರ ಬೇಕೆಂತಲೇ ಬಸ್ಸು ಬಿಟ್ಟು, ಯಾರದೋ ಟೆಂಪೋ ಹತ್ತಿ ಹೋದ.

ಆ ಸಿಟ್ಟು ಅವನ ಕೈಗೂ ಇಳಿಯಿತು. ಒಂದೇ ಬೆಳಗ್ಗೆ ಮೂರು ಗೊಂಬೆಯ ಕುತ್ತಿಗೆ ಕತ್ತರಿಸಿಹೋಯಿತು. ಪಕ್ಕದ ಮಿಷನ್ನಿನಲ್ಲಿ ಅರಗಿನ ಬಣ್ಣ ಒತ್ತುತ್ತಿದ್ದ ಗುಲ್ಜಾರ್ ಬೀ ಮಿಷನ್ ನಿಲ್ಲಿಸಿದರು. ಆ ವರ್ಷ ರಂಜಾನ್ ತಿಂಗಳೂ ಜೊತೆಗೇ ಬಂದಿತ್ತು. ಬೆಳಗಿನಿಂದ ಗುಟುಕು ನೀರಿಲ್ಲದೆ ಅವರ ತುಟಿ ಒಣಗಿತ್ತು.

“ಏನಾಯ್ತೋ ಬೇಟಾ? ಮರ ನಿಂಗೇನು ಮಾಡೈತೆ?”

ಅವನು ಎಲ್ಲ ಹೇಳಿದ. ಬೀ ಗಲ್ಲಕ್ಕೆ ಕೈ ಕೊಟ್ಟು ಕೇಳಿಸಿಕೊಂಡರು.

“ನಿಮ್ಮಲ್ಲಿ ಈ ನಲವತ್ತು ದಿನ ಯಾರಾದ್ರೂ ಹಾಗಲಕಾಯಿ ಬಿಡ್ತಾರೇನೋ?”

“ಹಾಗಲಕಾಯಿ ಯಾಕೆ ಬುಡ್ತಾರೆ? ಇಷ್ಟ ಇರೋದನ್ನ ತಾನೆ ಬುಡೋದು.”

ಬೀ ಸುಮ್ಮನೆ ಅವನನ್ನೇ ನೋಡುತ್ತಾ ಕೂತರು. ಇನ್ನಾಸಿಯ ಕಿವಿ ಕೆಂಪಾಗುವವರೆಗೂ ನೋಡಿದರು.

“ಏಳನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನು ಅಂತ ಗೊತ್ತಿತ್ತು. ಇಷ್ಟೊಂದು ದಡ್ಡ ಅಂತ ಗೊತ್ತಿರಲಿಲ್ಲ,” ಎಂದು ಮತ್ತೆ ಮಿಷನ್ ಹಾಕಿದರು.

ಮರುದಿನ ಏಳರ ಬಸ್ಸಿನಲ್ಲಿ ಇನ್ನಾಸಿ ಇದ್ದ. ಜಸಿಂತ ತಿರುಗಲಿಲ್ಲ. ಆದರೆ ಕಿಟಕಿಯ ಗಾಜಿನಲ್ಲಿ ಅವಳ ತುಟಿಯಂಚು ಒಸಿ ಮೇಲೇರಿತು. ಅವನು ಕಂಡುಬಿಟ್ಟನೆಂದು ಗೊತ್ತಾಗಿ ಥಟ್ಟನೆ ಗಾಜು ಸರಿಸಿದಳು. ಅವತ್ತಿನಿಂದ ಮಾತಿಲ್ಲದ ದಿನಗಳು ಅವನಿಗೆ ಭಾರವೆನಿಸಲಿಲ್ಲ. ದಿನಕ್ಕೊಂದು ಮಾಗುವ ಕಾಯಿಯಂತೆ ಅವನ್ನು ಎಣಿಸಿದ.

ಗುಡ್ ಫ್ರೈಡೇ ದಿನ ಊರವರು ಬರಿಗಾಲಲ್ಲಿ, ಯೇಸುವಿನ ಕೊನೆಯ ನಡಿಗೆಯ ಹದಿನಾಲ್ಕು ಸ್ಥಳಗಳಲ್ಲಿ ನಿಂತು ಪ್ರಾರ್ಥಿಸುವ ಶಿಲುಬೆ ಹಾದಿ ಮಾಡುತ್ತಾ ಬೆಟ್ಟ ಹತ್ತುತ್ತಾರೆ. ಮರದ ಶಿಲುಬೆಗೆ ಹೆಗಲು ಕೊಟ್ಟು ತುದಿ ಮುಟ್ಟಿಸಿದವನು ಅಲ್ಲಿ ಒಂದು ಕೋರಿಕೆ ಇಟ್ಟರೆ ಯೇಸುಸ್ವಾಮಿ ತಳ್ಳಿಹಾಕುವುದಿಲ್ಲವೆಂಬ ನಂಬಿಕೆ. ಇಪ್ಪತ್ತೆರಡು ವರ್ಷ ಹೊತ್ತವರು ರಾಯಪ್ಪ. ಈ ಸಲ ಮಂಡಿ ಕೈಕೊಟ್ಟಿತ್ತು. ಫಾದರ್ ಚೀಟಿ ಎತ್ತಿಸಿದಾಗ ಇನ್ನಾಸಿಯ ಹೆಸರು ಬಂದಿತ್ತು. ಅವನ ಕೋರಿಕೆ ಏನೆಂದು ಊರಿಗೆಲ್ಲ ಗೊತ್ತಿತ್ತು.

“ಒಸಿ ಬಿರ್‍ರನೆ ನಡಿಯಪ್ಪ, ದಿಬ್ಬಣ ಅಲ್ಲ ಇದು,” ಎಂದು ರಾಯಪ್ಪ ಪಕ್ಕದಲ್ಲೇ ಕುಂಟುತ್ತಾ ಚುಚ್ಚಿದರು. “ಕ್ವಾಪ ಬಂದ್ರೆ ಬಿಸಾಕ್ಬುಟ್ಟೀಯ, ಇದು ಚಪ್ಪರದ ಕಂಬ ಅಲ್ಲ.”

ಹಲ್ಲು ಕಚ್ಚಿ ಇನ್ನಾಸಿ ನಡೆದ. ಹನ್ನೆರಡನೇ ಸ್ಥಳದಲ್ಲಿ, ಯೇಸು ಪ್ರಾಣ ಬಿಟ್ಟ ಪ್ರಾರ್ಥನೆಗೆ ಜನ ಮಂಡಿಯೂರಿದರು. ರಾಯಪ್ಪನಿಗೆ ಮಂಡಿಯೂರಲು ಆಗಲಿಲ್ಲ. ಶಿಲುಬೆ ಹಿಡಿದು ನಿಂತರು. ಅವರ ಹೆಬ್ಬೆರಳು ಮರದ ಒಂದು ಸವೆದ ಜಾಗವನ್ನು ನಿಧಾನವಾಗಿ ಉಜ್ಜುತ್ತಿತ್ತು. ಇಪ್ಪತ್ತೆರಡು ವರ್ಷ ಅವರದೇ ಹೆಗಲು ಸವೆಸಿದ ಜಾಗ ಅದು.

ಇನ್ನಾಸಿ ಬೆಟ್ಟದ ತುದಿಯ ಕಡೆ ನೋಡಿದ. ಇನ್ನು ಎರಡೇ ಸ್ಥಳ. ಚೀಟಿಯಲ್ಲಿ ಹೆಸರು ಬಂದಾಗಿನಿಂದ ಇದಕ್ಕೇ ಕಾದಿದ್ದ.

“ಮಾವ, ನೀವು ಮುಂದೆ ಕೊಡಿ ಹೆಗಲು,” ಅಂದ. “ನಾನು ಹಿಂದೆ ಎತ್ತಿ ಹಿಡ್ಕೋತೀನಿ. ನಿಮಗೆ ಭಾರ ಬೀಳಲ್ಲ.”

“ಮುಂದಿರೋನಿಗೆ ಕಣ್ಲಾ ಕೋರಿಕೆ. ಹಿಂದಿರೋನಿಗೆ ಏನೂ ಇಲ್ಲ.”

“ಗೊತ್ತು. ಹಿಡೀರಿ.”

ಹಿಂದಿನ ತುದಿಯಿಂದ ಬೆಟ್ಟ ಕಾಣಲಿಲ್ಲ, ಆಕಾಶ ಕಾಣಲಿಲ್ಲ, ಹೆಂಗಸರ ಸಾಲಿನಲ್ಲಿದ್ದ ಜಸಿಂತಳೂ ಕಾಣಲಿಲ್ಲ. ಕಂಡದ್ದು ರಾಯಪ್ಪನ ಒಡೆದ ಹಿಮ್ಮಡಿ ಮಾತ್ರ. ಭಾರವೆಲ್ಲ ತೋಳಿಗೆ ಬಂತು. ಕೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಹುಟ್ಟಿದಂದಿನಿಂದ ಎದೆಯಲ್ಲಿ ಕುದಿಯುತ್ತಿದ್ದ ಎಸರು ಯಾರೋ ಇಳಿಸಿಟ್ಟಂತೆ ತಣ್ಣಗಾಯಿತು. ಸ್ವಾಮಿ ಈ ದಾರಿಯಲ್ಲಿ ಯಾಕೆ ಬಾಯಿ ಬಿಡದೆ ನಡೆದನೆಂದು ಅವನಿಗೆ ಮೊದಲ ಸಲ ಅರ್ಥವಾದಂತಿತ್ತು.

ಬೆಟ್ಟದ ತುದಿಯಲ್ಲಿ ರಾಯಪ್ಪ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು. ಇವನ ಕಡೆ ನೋಡದೆ ಇಳಿದು ಹೋದರು.

ಈಸ್ಟರ್ ಬೆಳಗ್ಗೆ ಪೂಜೆ ಬಿಟ್ಟ ಮೇಲೆ ಜಸಿಂತ ನೇರವಾಗಿ ಅವನ ಮುಂದೆ ಬಂದು ನಿಂತಳು. ಹೊಸ ಚೂಡಿದಾರ್, ಅದೇ ನೆರಿಗೆಯ ಬೆರಳು.

“ಅಪ್ಪ ಫಾದರ್ ತಾವ ಮಾತಾಡ್ತಾವ್ರೆ,” ಅಂದಳು. “ಮುಂದಿನ ಭಾನುವಾರದಿಂದ ಪೂಜೇಲಿ ಮದುವೆಗೆ ನಮ್ಮಿಬ್ರ ಹೆಸರು ಓದಿಸ್ತಾರಂತೆ. ನನ್ನ ಒಪ್ಪಿಗೆ ಕೇಳಿದ್ರು, ಹೂಂ ಅಂದೆ. ನಿನ್ನ ಯಾರೂ ಕೇಳಿಲ್ಲ. ಈಗ ನಾನು ಕೇಳ್ತಾ ಇವ್ನಿ.”

ಇನ್ನಾಸಿ ಫಾದರ್ ಜೊತೆ ನಿಂತಿದ್ದ ರಾಯಪ್ಪನ ಮಂಡಿಯ ಕಡೆ ನೋಡಿದ. ಬಾಯಿಗೆ ಬಂದದ್ದು ಒಂದೇ ಪ್ರಶ್ನೆ.

“ನಿಮ್ಮಪ್ಪ ಮಂಡಿ ನೋವು ಹೋಗ್ಲಿ ಅಂತ ಕೇಳ್ಕೊಳ್ಲಿಲ್ವಾ?”

“ಇಲ್ವಂತೆ.” ಅವಳು ನಕ್ಕಳು, ಕಣ್ಣು ತುಂಬಿಕೊಂಡೇ ನಕ್ಕಳು. “ನೋವು ಇನ್ನೂ ಜಾಸ್ತಿ ಆಗೈತೆ. ಮುಂದಿನ ವರ್ಷನೂ ಹಿಂದೆ ನೀನೇ ಹಿಡೀಬೇಕಂತೆ.”