ಹದಿನೇಳು ಮಾತುಗಳ ಪೆಟ್ಟಿಗೆ

ಸುಲಭಾ ಲೋಹದ ಗುಂಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡಳು. ಸರದಿಪೆಟ್ಟಿಗೆಯ ಮೇಲೆ ಹದಿನೇಳು ಎಂಬ ಅಂಕಿ ಬೆಳಗಿತು.

ಸಮುದ್ರತಳದ ಗಣಿಯಿಂದ ಬರುವ ಪ್ರತಿ ಮಾತನ್ನೂ ಈ ಪೆಟ್ಟಿಗೆ ಹಿಂಬಾಯಿಯಿಂದ ಒಳಗೆಳೆದು ಸಾಲಿನ ಕೊನೆಗೆ ನಿಲ್ಲಿಸುತ್ತದೆ. ಮೊದಲು ಬಂದದ್ದನ್ನೇ ಮೊದಲು ಮುಂಬಾಯಿಯಿಂದ ಬಿಡುತ್ತದೆ. ಬಿಟ್ಟದ್ದು ಅಳಿದುಹೋಗುತ್ತದೆ. ಒಂದು ಆದೇಶ ಎರಡು ಸಲ ನಡೆದು ಅನಾಹುತವಾಗದಿರಲೆಂದು ಹಾಗೆ ರೂಪಿಸಿದ್ದರು. ದನಿ ಮೂಳೆಯೊಳಗೇ ಕೇಳಿಸುವುದರಿಂದ ಬೇರೆ ಯಂತ್ರ ಅದನ್ನು ಹಿಡಿದಿಡಲಾರದು.

ಗಂಡ ದತ್ತಾರಾಮ ಗಣಿಗೆ ಇಳಿದ ದಿನ, ಅವನು ಛತ್ರಿ ಕಳೆದನೆಂದು ಜಗಳವಾಗಿತ್ತು. ಅವನು ದಿನಕ್ಕೊಂದು ಮಾತು ಕಳಿಸಿದ. ಅವಳು ಪೆಟ್ಟಿಗೆ ಮುಟ್ಟಲಿಲ್ಲ. ಹದಿನೆಂಟನೆಯ ದಿನ ಗಣಿ ಕುಸಿಯಿತು.

“ಕ್ಲಾರಕ್ಕಾ, ಕೊನೇದೊಂದನ್ನು ತೆಗೆದುಕೊಡಿ. ಸಿಟ್ಟಲ್ಲೇ ಹೋದ್ರಾ ಅಂತ ತಿಳಿದ್ರೆ ಸಾಕು.”

ಪೆಟ್ಟಿಗೆಯನ್ನು ರೂಪಿಸಿದ ಕ್ಲಾರಾ ತಲೆಯಾಡಿಸಿದಳು. “ಆಗೂದಿಲ್ಲ ಮಾರಾಯ್ತಿ. ನಡುವೆ ನುಗ್ಗೂದಕ್ಕೆ ದಾರಿಯೇ ಇಟ್ಟಿಲ್ಲ. ರೇಷನ್ ಅಂಗಡಿ ಮುಂದೆ ನಿಂತು ಬೆಳೆದವಳ ಬುದ್ಧಿ, ಅಂತ ನನ್ನ ಗಂಡ ನಗ್ತಾನೆ.”

“ಹಾಗಾದ್ರೆ ಹದಿನಾರನ್ನೂ ಕಳಕೊಳ್ಬೇಕಾ?”

“ಮೊದಲನೇದನ್ನು ತೆಗೀದೆ ಕೇಳ್ಬಹುದು. ಇಣುಕುನೋಟ ಅಂತೇವೆ. ಎಷ್ಟು ಸಲ ಬೇಕಾದ್ರೂ. ಆದ್ರೆ ಅದೊಂದೇ.”

ಒಂದು ತಿಂಗಳು ಸುಲಭಾ ಅದೊಂದನ್ನೇ ಕೇಳಿದಳು. “ಛತ್ರಿ ಬಾಗಿಲ ಹಿಂದೆ ಇದೆ. ಹೊರಡುವಾಗಲೇ ಕಂಡಿದ್ದೆ.” ಒಂದು ಕೆಮ್ಮು. “ಹೇಳಲಿಲ್ಲ.”

ಛತ್ರಿ ಅಲ್ಲೇ ಇತ್ತು.

“ಹಿಂಬಾಯಿಗೆ ನಾನು ಮಾತಾಡಿದ್ರೆ?” ಎಂದು ಕ್ಲಾರಾಳನ್ನು ಕೇಳಿದಳು.

“ನೀನೂ ಸಾಲಿನ ಕೊನೆಗೆ. ಯಾರ ದನಿಯಾದ್ರೇನು ಪೆಟ್ಟಿಗೆಗೆ?”

ಮರುದಿನ ಮೊದಲನೆಯದನ್ನು ತೆಗೆದು ಕೇಳಿದಳು. ಅಂಕಿ ಹದಿನಾರಾಯಿತು. ಕೂಡಲೇ ಅದೇ ಮಾತನ್ನು, ಕೆಮ್ಮಿಗೆ ಜಾಗ ಬಿಟ್ಟು, ತನ್ನ ದನಿಯಲ್ಲಿ ಹಿಂಬಾಯಿಗೆ ಹೇಳಿದಳು. ಮತ್ತೆ ಹದಿನೇಳು. ಹೀಗೆ ದಿನಕ್ಕೊಂದನ್ನು ತೆಗೆದು ತಿರುಗಿ ಹೇಳುತ್ತ ಹೋದಂತೆ, ಹದಿನೇಳನೆಯ ದಿನ ಕೊನೆಯದರ ಸರದಿ ಬಂತು.

“ಇವತ್ತೂ ನೀನು ಕೇಳಿಲ್ಲ, ಗೊತ್ತು. ಇಲ್ಲಿ ಅಡುಗೆ ಪಾಳಿ ನಂದು. ಬಂಗುಡೆ ಸಾರಿಗೆ ಹುಳಿ ಹಾಕೂದು ಮೀನಿಗಿಂತ ಮೊದಲಾ, ಆಮೇಲಾ? ನಾಳೆ ಹೇಳು.”

ಸಿಟ್ಟು ಇರಲಿಲ್ಲ. ಅವಳು ಅದನ್ನೂ ತಿರುಗಿ ಹೇಳಿದಳು. ಮತ್ತೆ ಹಿಂಬಾಯಿಗೆ ಬಗ್ಗಿದಳು.

“ಮೊದಲು. ಮೀನಿಗಿಂತ ಮೊದಲು.”

ಹದಿನೆಂಟು.

ಮರುದಿನ ಬೆಳಿಗ್ಗೆ ಗುಂಡಿ ಒತ್ತಿಕೊಂಡಳು. “ಛತ್ರಿ ಬಾಗಿಲ ಹಿಂದೆ ಇದೆ,” ಎಂದಿತು ಅವಳದೇ ದನಿ. “ಹೊರಡುವಾಗಲೇ ಕಂಡಿದ್ದೆ.”

ಆಮೇಲೆ ಖಾಲಿ ಜಾಗ. ಸುಲಭಾ ಉಸಿರು ಹಿಡಿದು ಕೆಮ್ಮಿಗಾಗಿ ಕಾದಳು.