ಗಿಳಿಹಸಿರು ನುಂಗಿದ ಸೀಪಿಯಾ

ಟಿಕೆಟ್ ಮೆಷಿನ್ ಹಿಡಿದು ಸ್ನೇಹಲತಾ ಹತ್ತಿರ ಬಂದದ್ದೇ ತಡ, ಸೀಟಿನಲ್ಲಿದ್ದ ಗಿರಿಯಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಕಿರುಚಿದಳು.

"ಅಯ್ಯೋ ನನ್ನವ್ವಾ! ನೀನು ಸತ್ತೋಗಿದ್ಯಲ್ಲೇ!"

ಐ.ಡಿ.ಹಳ್ಳಿಯಿಂದ ಮಧುಗಿರಿಗೆ ಹೊರಟಿದ್ದ ಬಸ್ಸಿನ ತಲೆಗಳೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿದವು. ಜ್ವರಕ್ಕೆ ರಜೆ ಹಾಕಿದ್ದ ಕಂಡಕ್ಟರ್ ಸ್ನೇಹಲತಾ ಅಂದಷ್ಟೇ ಡ್ಯೂಟಿಗೆ ಮರಳಿದ್ದಳು.

"ಯಾರಜ್ಜಿ ಹೇಳಿದ್ದು?"

"ಹೇಳೋದೇನು, ಕಣ್ಣಾರೆ ಕಂಡೆ ಕಣಮ್ಮ. ಬಸ್‌ಸ್ಟ್ಯಾಂಡ್ ಎದುರ್ಗಡೆ ಸ್ಟುಡಿಯೋ ಕಿಟಕೀಲಿ ನಿನ್ ಫೋಟೋ. ಈ ಕಡೆ ಚಿಕ್ಕರಂಗಯ್ಯ, ಆ ಕಡೆ ಚನ್ನಮಲ್ಲಯ್ಯನ ಅವ್ವ, ನಡುಮಧ್ಯೆ ನೀನು. ಚಿಕ್ ವಯಸ್ಸು, ಪಾಪ ಅಂತ ನಾನು ಮುಡಿದಿದ್ದ ಕನಕಾಂಬರಾನೇ ಬಿಚ್ಚಿ ಗಾಜಿಗೆ ಸಿಗಿಸಿ ಬಂದೆ."

ಹಿಂದಿನ ಸೀಟಿನಿಂದ ಕದರಪ್ಪ ಕತ್ತು ಚಾಚಿದ. "ಸತ್ತೋರು ಕೊಟ್ಟ ಟಿಕೆಟ್ನ ಚೆಕಿಂಗ್‌ನೋರು ಒಪ್ತಾರೇನವ್ವ?"

ಬಸ್ಸು ಗೊಳ್ಳೆಂದು ನಕ್ಕಿತು. ಸ್ನೇಹಲತಾ ನಗಲಿಲ್ಲ.

ಆ ಕಿಟಕಿ ಎಂಥದೆಂದು ಸುತ್ತಲ ಹಳ್ಳಿಗಳಿಗೆಲ್ಲ ಗೊತ್ತಿತ್ತು. ತೀರಿಹೋದವರ ಮಾಸಿದ ಫೋಟೋ ತಂದುಕೊಟ್ಟರೆ ಸ್ಟುಡಿಯೋದ ತಿಪ್ಪೇರುದ್ರ ಅದನ್ನು ದೊಡ್ಡದು ಮಾಡಿ, ಕಟ್ಟು ಹಾಕಿಸಿ, ಮನೆಯವರು ಬಂದು ಒಯ್ಯುವ ತನಕ ಅಲ್ಲಿ ನಿಲ್ಲಿಸುತ್ತಿದ್ದ. ಕಂದು ಬಣ್ಣ, ಮೇಲೆ ಮರಳು ಉದುರಿಸಿದಂಥ ಚುಕ್ಕಿ. ಅಂದರೆ ಆಸಾಮಿ ಹೋದ ಎಂದೇ ಲೆಕ್ಕ. ಬಸ್ಸಿಳಿದವರು ಆ ಕಡೆ ಒಮ್ಮೆ ಇಣುಕದೆ ಮುಂದೆ ಹೋಗುತ್ತಿರಲಿಲ್ಲ.

ಸ್ನೇಹಲತಾಗೆ ನೆತ್ತಿ ಉರಿಯಿತು. ಸತ್ತವರ ಸಾಲಿಗೆ ಸೇರಿಸಿದ್ದಕ್ಕಿಂತ ಹೆಚ್ಚಾಗಿ, ತನ್ನ ಗಿಳಿಹಸಿರು ಸೀರೆಯನ್ನು ಕಂದು ಮಾಡಿದ್ದಕ್ಕೆ.

ಆ ಸೀರೆ ಕೊಳ್ಳಲು ಕಾರಣ ಆ ತಿಪ್ಪೇರುದ್ರನೇ. ಹಳ್ಳಿಗಳಿಗೆ ಫೋಟೋ ತೆಗೆಯಲು ಇದೇ ಬಸ್ಸಿನಲ್ಲಿ ಹೋಗುವವನು, ಒಂದು ದಿನ ಟಿಕೆಟ್ ತೆಗೆದುಕೊಳ್ಳುತ್ತ, ಕಿಟಕಿಯಾಚೆ ನೋಡುತ್ತ ಅಂದಿದ್ದ: "ಖಾಕಿ ಬಿಟ್ಟು ಒಂದಿನ ಗಿಳಿಹಸಿರು ಉಟ್ಟು ನೋಡಿ ಮೇಡಂ. ನಿಮ್ಮ ಬಣ್ಣಕ್ಕೆ ಎದ್ದು ನಿಲ್ಲುತ್ತೆ."

ನಿಮ್ಮ ಬಣ್ಣಕ್ಕೆ. ಅಲ್ಲಿಯವರೆಗೆ ಆ ಮಾತಿನ ಹಿಂದೆ ಎಲ್ಲರದ್ದೂ ಒಂದು ನಿಟ್ಟುಸಿರು ಇರುತ್ತಿತ್ತು. ಇವನದರಲ್ಲಿ ಇರಲಿಲ್ಲ. ಗಂಡಿನ ಕಡೆಗೆ ಕಳಿಸಲು ಫೋಟೋ ಬೇಕೆಂದು ಚಿಕ್ಕಪ್ಪ ಹಟ ಹಿಡಿದಾಗ, ಅದೇ ಬಣ್ಣ ಹುಡುಕಿ ಉಟ್ಟು, ಅವನ ಸ್ಟುಡಿಯೋಗೇ ಹೋಗಿದ್ದಳು.

ಮಧುಗಿರಿಯಲ್ಲಿ ಬಸ್ಸು ನಿಂತಿತು. "ಟೀ ಕುಡಿದು ಬರ್ತೀನಿ ಮೇಡಂ," ಎಂದ ಡ್ರೈವರ್ ಸುರೇಶ್.

"ನಾನು ಒಬ್ಬನ್ನ ವಿಚಾರಿಸ್ಕೊಂಡು ಬರ್ತೀನಿ," ಎಂದು ರಸ್ತೆ ದಾಟಿದಳು.

ಬಾಡಿದ ಕನಕಾಂಬರವನ್ನು ಗಾಜಿನಿಂದ ಕಿತ್ತು ತಂದು ತಿಪ್ಪೇರುದ್ರನ ಮುಂದೆ ಬಿಸಾಕಿದಳು.

"ನನ್ನ ತಿಥಿ ಯಾವತ್ತು? ವಡೆ ತಿನ್ನಕ್ಕೆ ನಾನೂ ಬರ್ತೀನಿ."

ಅವನು ಎದ್ದ ರಭಸಕ್ಕೆ ಸ್ಟೂಲು ಉರುಳಿತು. "ಮೇಡಂ, ಅದು ಸೀಪಿಯಾ. ಹಳೇ ಕಾಲದ ಥರ ಕಾಣ್ಲಿ ಅಂತ ಬೇಕೂಂತ್ಲೇ ಕೊಡೋ ಕಂದು ಟೋನು."

"ಮುಖದ ಮೇಲೆ ಮರಳು ಎರಚಿರೋದು?"

"ಗ್ರೇನ್. ಅದೂ ಬೇಕೂಂತ್ಲೇ. ಡಿಜಿಟಲ್ ಫೋಟೋ ತೀರಾ ನುಣ್ಣಗೆ ಬರುತ್ತೆ. ಸ್ವಲ್ಪ ಗ್ರೇನ್ ಹಾಕಿದ್ರೆ, ಮುಟ್ಟಿದ್ರೆ ಕೈಗೆ ಸಿಗೋ ಹಂಗೆ..."

ಮುಟ್ಟಿದರೆ ಎಂದದ್ದೇ ಅವನ ಕಿವಿ ಕೆಂಪಾಯಿತು. ಅವಳ ಕಣ್ಣು ಆ ಕಿವಿಯ ಮೇಲೆ ಒಂದು ಗಳಿಗೆ ನಿಂತುಬಿಟ್ಟಿತು. ಛೆ, ಜಗಳಕ್ಕೆ ಬಂದವಳು ಕಿವಿ ನೋಡುತ್ತ ನಿಲ್ಲುವುದೇ?

"ನನ್ನ ಗಿಳಿಹಸಿರು ಎಲ್ಲಿ?"

ಅವನು ತಲೆ ತಗ್ಗಿಸಿದ. "ನಿಮ್ಮ ಚಿಕ್ಕಪ್ಪ ಬೋರಣ್ಣೋರು ಫೋನ್ ಮಾಡಿದ್ರು. ಶಿರಾದ ಗಂಡಿನ ಕಡೆಗೆ ಕಳಿಸ್ಬೇಕು, ಹುಡುಗೀನ ಬೆಳ್ಳಗೆ ಮಾಡಪ್ಪ ಅಂದ್ರು. ಬೇರೆಯೋರಿಗೆ ದಿನಾ ಮಾಡ್ತೀನಿ. ನಿಮಗೆ ಮಾಡಕ್ಕೆ ಕೈ ಬರ್ಲಿಲ್ಲ. ಸೀಪಿಯಾದಲ್ಲಾದ್ರೆ ಕಪ್ಪೂ ಇಲ್ಲ, ಬಿಳುಪೂ ಇಲ್ಲ. ಯಾರೂ ಏನೂ ಕೇಳಲ್ಲ ಅಂತ..."

ದೊಡ್ಡ ಉಪಕಾರ ಮಾಡಿದವನ ದನಿ. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು.

"ಅವರು ಸುಣ್ಣ ಬಳಿ ಅಂದ್ರು, ನೀನು ಬೆಲ್ಲದ ಪಾಕ ಬಳಿದೆ. ಏನು ವ್ಯತ್ಯಾಸ?" ನೀವು ಎಂಬುದು ನೀನು ಆದದ್ದು ಅವಳಿಗೇ ತಿಳಿಯಲಿಲ್ಲ. "ನನ್ನ ಬಣ್ಣ ಅವರಿಗೂ ಬೇಡ, ನಿನಗೂ ಬೇಡ. ಮುಚ್ಚಿಡಕ್ಕೆ ಇದೇನು ಕಳ್ಳಮಾಲಾ? ಎದ್ದು ನಿಲ್ಲುತ್ತೆ ಅಂದಿದ್ದು ನಿನ್ ಬಾಯೇ ತಾನೆ? ಒಬ್ಬನಾದ್ರೂ ನನ್ನ ನೋಡ್ದ ಅಂದ್ಕೊಂಡಿದ್ದೆ."

ಕೊನೆಯ ಮಾತು ಬಾಯಿತಪ್ಪಿ ಬಂದಿತ್ತು. ಆ ಬಾಯಿಯ ಮೇಲೂ ಅವಳಿಗೆ ಸಿಟ್ಟು ಬಂತು.

ತಿಪ್ಪೇರುದ್ರ ಉರುಳಿದ್ದ ಸ್ಟೂಲನ್ನು ಎತ್ತಿ ನಿಲ್ಲಿಸಿದ. ಆಮೇಲೆ ಹೇಳಿದ: "ನಾನು ಹೇಳಿದ್ದು ಅರ್ಧ ನಿಜ. ಬಣ್ಣದ್ದು ಕಳಿಸಿದ್ರೆ ಶಿರಾದೋರು ಒಪ್ಕೊಂಡ್ಬುಡ್ತಾರೆ ಅಂತ ಭಯ ಆಯ್ತು. ಅದಕ್ಕೇ ಕಂದು ಮಾಡ್ದೆ. ಆಗ್ಲೂ ಚೆನ್ನಾಗೇ ಕಾಣ್ತಿದ್ರಿ. ಗ್ರೇನ್ ಜಾಸ್ತಿ ಮಾಡ್ದೆ."

"ಕಳಿಸಿದ್ಯಾ?"

"ಇಲ್ಲ. ಅದನ್ನೂ ಕಳಿಸಕ್ಕೆ ಮನಸ್ಸಾಗ್ಲಿಲ್ಲ. ಬೆಳಿಗ್ಗೆ ಷಟರ್ ಎತ್ತಿದಾಗ ಮೊದಲು ಕಾಣ್ಲಿ ಅಂತ ಕಿಟಕೀಲಿಟ್ಟೆ."

"ಅಂದ್ರೆ, ಇನ್ನೊಬ್ಬ ಮದುವೆ ಆಗ್ಬಾರ್ದು ಅಂತ ನನ್ನ ಸಾಯಿಸ್ಬುಟ್ಟೆ?"

"ಅಷ್ಟು ದೂರ ಯೋಚನೆ ಮಾಡಿರ್ಲಿಲ್ಲ."

"ಬಾಯಿರ್ಲಿಲ್ವಾ? ಟಿಕೆಟ್ ತಗೊಳ್ಳೋವಾಗೆಲ್ಲ ಕಿಟಕಿ ನೋಡ್ತೀಯ. ಒಂದು ಸಲ ಮುಖ ನೋಡಿ ಹೇಳಕ್ಕೆ ಏನಾಗಿತ್ತು?"

ಅವನು ಕಂಪ್ಯೂಟರ್ ಪರದೆಯನ್ನು ಅವಳ ಕಡೆ ತಿರುಗಿಸಿದ.

ಗಿಳಿಹಸಿರು ಚಿಗುರಿನಂತೆ ಹೊಳೆಯುತ್ತಿತ್ತು. ಅದರ ಮೇಲೆ ತೊಳೆದ ರಾಗಿಯ ಬಣ್ಣದ ಮುಖ. ಹುಬ್ಬಿನ ಮೇಲಿನ ಬೆವರ ಹನಿಯನ್ನೂ ಅವನು ಒರೆಸಿರಲಿಲ್ಲ. ಯಾವ ಸ್ಟುಡಿಯೋದಲ್ಲೂ ಅವಳಿಗೆ ಅವಳೇ ಸಿಕ್ಕಿರಲಿಲ್ಲ. ಇಲ್ಲಿ ಸಿಕ್ಕಿದ್ದಳು.

ಆಮೇಲೆ ಕಣ್ಣುಗಳು ಕಂಡವು. ಲೆನ್ಸ್ ಕಡೆ ನೋಡುತ್ತಿರಲಿಲ್ಲ. ಅದರ ಮೇಲೆ, ಕ್ಯಾಮೆರಾ ಹಿಂದೆ ನಿಂತವನ ಮುಖ ಇರುವಲ್ಲಿ ನೆಟ್ಟಿದ್ದವು. ಕಂದು ಚುಕ್ಕಿಗಳಲ್ಲಿ ಮರೆಯಾಗಿದ್ದ ಆ ನೋಟ ಇಲ್ಲಿ ಎಲ್ಲವನ್ನೂ ಬಾಯಿಬಿಟ್ಟಿತ್ತು. ಈಗ ಕಿವಿ ಬಿಸಿಯಾದದ್ದು ಅವಳದು.

"ಇದನ್ನ ಮೊದ್ಲೇ ನೋಡಿದ್ಯಾ ನೀನು?"

"ದಿನಾ ನೋಡ್ತೀನಿ."

"ನೋಡಿದ್ಮೇಲೂ ಹೇಳ್ಲಿಲ್ವಾ?"

"ನಂಬಕ್ಕೆ ಧೈರ್ಯ ಸಾಲ್ಲಿಲ್ಲ. ನನ್ನ ಹಿಂದೆ ಗೋಡೆ ಗಡಿಯಾರ ಇತ್ತು. ಟೈಮ್ ನೋಡ್ತಿದ್ರೇನೋ ಅಂದ್ಕೊಂಡೆ."

"ಗಡಿಯಾರಾನ ಯಾರಾದ್ರೂ ಹಂಗೆ ನೋಡ್ತಾರೇನೋ, ದಡ್ಡ!"

ಹೊರಗೆ ಸುರೇಶ್ ಹಾರ್ನ್ ಒತ್ತಿದ. ಅವಳು ಬಾಗಿಲಲ್ಲಿ ನಿಂತು ಬೆರಳು ತೋರಿಸಿದಳು. "ಆ ಕಿಟಕೀಲಿ ಇದಿರ್ಬೇಕು. ಸುಣ್ಣ ಬೇಡ, ಬೆಲ್ಲ ಬೇಡ, ಮರಳು ಬೇಡ. ಶಿರಾದೋರು ಬೇಡ ಅಂತ ಮನೇಲಿ ನಾನು ಹೇಳ್ತೀನಿ. ಚಿಕ್ಕಪ್ಪನ ಹತ್ರ ನಿನ್ ವಿಷಯ ನೀನೇ ಮಾತಾಡು."

"ಯಾವತ್ತು?"

"ಸಂಜೆ ಟ್ರಿಪ್ಪಿಗೆ."

ಸಂಜೆ ಬಸ್‌ಸ್ಟ್ಯಾಂಡಿನಿಂದಲೇ ಸ್ಟುಡಿಯೋ ಕಿಟಕಿಯ ಹಸಿರು ಕಾಣುತ್ತಿತ್ತು. ಸಾಮಾನಿನ ಚೀಲ ಹಿಡಿದು ಬಸ್ ಹತ್ತುತ್ತಿದ್ದ ಗಿರಿಯಮ್ಮ ಮೆಟ್ಟಿಲಲ್ಲೇ ನಿಂತಳು. "ಎದ್ದು ಬಂದವ್ಳೆ ನೋಡ್ರಲಾ! ಏನ್ ಕಳೆ ಕಣಮ್ಮ! ಅದ್ಸರಿ, ನನ್ ಕನಕಾಂಬರ ಎಲ್ಲಿ?"

"ಅದಕ್ಕೆ ಬದ್ಲು ಮೊಳ ಹೂವು ಕೊಡಿಸ್ತೀನಿ, ಹತ್ತಜ್ಜಿ."

ಹಿಂದೆಯೇ ತಿಪ್ಪೇರುದ್ರ ಹತ್ತಿದ. ಇಸ್ತ್ರಿ ಮಾಡಿದ ಅಂಗಿ, ಹೆಗಲಲ್ಲಿ ಕ್ಯಾಮೆರಾ ಇಲ್ಲ.

"ಎಲ್ಲಿಗೆ?" ಸ್ನೇಹಲತಾ ಮುಖ ಬಿಗಿದುಕೊಂಡೇ ಕೇಳಿದಳು.

"ಐ.ಡಿ.ಹಳ್ಳಿ. ಬೋರಣ್ಣೋರನ್ನ ನೋಡ್ಬೇಕು."

"ಸತ್ತೋಳನ್ನ ಕೇಳಕ್ಕೆ ಹೊಂಟವ್ನೆ ಭೂಪ!" ಎಂದ ಕದರಪ್ಪ.

ಅವಳು ಟಿಕೆಟ್ ಹರಿದು ಕೊಟ್ಟಳು. ಬೆರಳಿಗೆ ಬೆರಳು ತಾಗಿತು. ಕೈಯನ್ನು ಅವಳೂ ಬೇಗ ಎಳೆದುಕೊಳ್ಳಲಿಲ್ಲ.

"ಇವತ್ತು ಕಿಟಕಿ ಕಡೆ ನೋಡಿದ್ರೆ, ಮುಂದಿನ ಸ್ಟಾಪಲ್ಲೇ ಇಳಿಸ್ತೀನಿ," ಎಂದು ಮೆಲ್ಲಗೆ ಗದರಿ, ಸೀಟಿ ಊದಿದಳು.

ಐ.ಡಿ.ಹಳ್ಳಿ ಬರುವ ತನಕ ಅವನು ಕಿಟಕಿ ಕಡೆ ತಿರುಗಲೇ ಇಲ್ಲ.