ಉಣ್ಣೆ ಎಲೆಯ ಬತ್ತಿ

"ಎಂತ ಮಾರಾಯ್ರೆ, ಇದು ಸ್ವೆಟರ್ ಹಾಕ್ಕೊಂಡೇ ಬಂದಿದೆಯಲ್ಲ!"

ಕುಂಡದ ಗಿಡವನ್ನು ನೋಡಿ ದಾಕ್ಷಾಯಿಣಿ ಹೇಳಿದಾಗ ಯಜ್ಞೇಶ ನಕ್ಕ. ಬೂದು ಎಲೆಗಳ ಮೇಲೆ ನಿಜಕ್ಕೂ ದಪ್ಪ ಉಣ್ಣೆ. ಕೊಪ್ಪದಲ್ಲಿ ಸಸ್ಯಶಾಸ್ತ್ರದ ಮೇಷ್ಟರಾದ ಅವನು ನೆಮ್ಮಾರಿನ ಅವಳ ನರ್ಸರಿಗೆ ಬಂದದ್ದು ಅದೇ ಮೊದಲು.

"ಹಿರಿಯೂರು ಕಡೆ ಒಣ ಬಯಲಿನದ್ದು. ಈಗ ಅಲ್ಲೂ ಅಪರೂಪ. ನನ್ನ ಹೆಂಡತಿ ಗಗನಾ ಬೀಜ ಹಾಕಿ ಬೆಳೆಸಿದ್ದು. ಅವಳು ತೀರಿಹೋಗಿ ಮೂರು ವರ್ಷ. ನಮ್ಮನೆ ಥಂಡಿಗೆ ಇದೂ ಕೊಳೀತಿದೆ."

ದಾಕ್ಷಾಯಿಣಿ ಅದನ್ನು ಏಲಕ್ಕಿ ಡ್ರೈಯರ್ ಇದ್ದ ಬೆಚ್ಚಗಿನ ಕೋಣೆಯಲ್ಲಿಟ್ಟಳು. ಗಿಡ ಚಿಗುರಿತು. ಅವನು ಪ್ರತಿ ಭಾನುವಾರ ನೋಡಲು ಬಂದ. ಹೆಚ್ಚು ನೋಡಿದ್ದು ಅವಳ ಮಣ್ಣು ಮೆತ್ತಿದ ಬೆರಳುಗಳನ್ನು.

"ಗಿಡ ಆ ಕಡೆ ಇದೆ, ಮೇಷ್ಟ್ರೆ."

"ಗೊತ್ತು."

ಆಮೇಲೊಂದು ಭಾನುವಾರ ಕೇಳಿಯೇಬಿಟ್ಟ: "ನನ್ನ ಮದುವೆ ಆಗ್ತೀರಾ?"

"ಒಂದು ವಾರ ಟೈಮ್ ಕೊಡಿ," ಎಂದಳು. ಕಿವಿ ಬಿಸಿಯಾಗಿತ್ತು.

ಮರುದಿನ ಬೆಳಿಗ್ಗೆ ಕೋಣೆಯ ಬೀಗ ತೆಗೆದರೆ, ಒಂದು ಎಲೆಯ ಉಣ್ಣೆ ಹೆಬ್ಬೆರಳಗಲ ಉಜ್ಜಿಹೋಗಿತ್ತು. ಕುಂಡದ ಅಂಚಿನಲ್ಲಿ, ಅದೇ ಉಣ್ಣೆಯಿಂದ ಹೊಸೆದ ಒಂದೇ ಒಂದು ದೀಪದ ಬತ್ತಿ.

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ದೇವರಿಗೆ ಎರಡು ಬತ್ತಿ ಸೇರಿಸಿ ಹಚ್ಚುತ್ತಾರೆ. ಒಂಟಿ ಬತ್ತಿ ಉರಿಯುವುದು ಹೆಣದ ತಲೆಯ ಬಳಿ.

ಮಂಗಳವಾರ ಇನ್ನೊಂದು. ಬುಧವಾರ ಮತ್ತೊಂದು. ಹೀಗೆ ಶನಿವಾರದವರೆಗೆ. ಕೀ ಅವಳ ಸೆರಗಿನ ಗಂಟಿನಲ್ಲೇ ಇತ್ತು.

ಭಾನುವಾರ ಯಜ್ಞೇಶ ಬಂದಾಗ, ಆರು ಬತ್ತಿಗಳನ್ನೂ ಅವನ ಅಂಗೈಗೆ ಸುರಿದಳು. ಅವನು ಒಂದನ್ನೆತ್ತಿ ತುದಿ ನೋಡಿದ.

"ಗಗನಾ ಹೀಗೇ ಎಲೆ ಸವರಿ ಸವರಿ ಹೊಸೀತಿದ್ಲು. ತುದಿಯ ಈ ಪುಟ್ಟ ಗಂಟು... ಅವಳದ್ದೇ."

"ಹಾಗಾದ್ರೆ ಅವರಿಗೆ ಇಷ್ಟ ಇಲ್ಲ. ಗಿಡ ತಗೊಂಡು ಹೋಗಿ."

"ಅಲ್ಲಿ ಇದು ಸಾಯತ್ತೆ."

"ಇಲ್ಲಿ ನಾನು ಹೆದರಿ ಸಾಯ್ತೀನಿ!"

ಅವನು ಬತ್ತಿಗಳನ್ನು ಮುಷ್ಟಿಯಲ್ಲಿ ಹಿಡಿದೇ, ಇನ್ನೊಂದು ಕೈಯಲ್ಲಿ ಕುಂಡ ಎತ್ತಿಕೊಂಡು ಬಾಗಿಲಿಗೆ ನಡೆದ. ಆ ಬಾಗಿದ ಬೆನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ನಿಲ್ಲಿ!" ಓಡಿಹೋಗಿ ಕುಂಡವನ್ನು ತಬ್ಬಿ ಹಿಡಿದಳು. ಎಲೆಗಳಿಗೇ ಹೇಳಿದಳು: "ಅಕ್ಕಾ, ನಂಗೆ ಹೆದರಿಕೆ ಆಗ್ತಿದೆ. ಆದ್ರೂ ಬಿಟ್ಟುಕೊಡಲ್ಲ. ಗಿಡಾನೂ, ಇವರನ್ನೂ."

ಗಾಳಿಯಿಲ್ಲದ ಕೋಣೆಯಲ್ಲಿ ಎಲೆಗಳೆಲ್ಲ ಒಮ್ಮೆ ಅಲುಗಿದವು.

"ದಾಕ್ಷಾಯಿಣಿ..." ಯಜ್ಞೇಶ ಪಿಸುಗುಟ್ಟಿದ. "ನನ್ನ ಮುಷ್ಟಿ ಒಳಗೆ ಏನೋ ಹರಿದಾಡ್ತಿದೆ."

ಮೆಲ್ಲಗೆ ಬೆರಳು ಬಿಡಿಸಿದ. ಆರು ಬತ್ತಿಗಳಿರಲಿಲ್ಲ. ಮೂರಿದ್ದವು, ಒಂದೊಂದೂ ಎರಡು ಸೇರಿಸಿ ಹೊಸೆದದ್ದು. ತುದಿಯಲ್ಲಿ ಅದೇ ಪುಟ್ಟ ಗಂಟು.

ದಾಕ್ಷಾಯಿಣಿ ಕಣ್ಣೊರೆಸಿಕೊಂಡು ಒಂದು ಬತ್ತಿಯನ್ನು ಎತ್ತಿಕೊಂಡಳು.

"ಇದನ್ನ ಅಕ್ಕನ ಫೋಟೋ ಮುಂದೆ ಹಚ್ಚೋಣ," ಎಂದಳು. "ಆ ಎರಡು ಜೋಪಾನ. ಮದುವೆ ದಿನ ಆರತಿಗೆ ಬೇಕು."